ಕ್ಯಾನ್ಸರ್ ಚಿಕಿತ್ಸೆಯ ಕಾಲದಲ್ಲಿ ಗೃಹಜೀವನ

ಮನೆಯಲ್ಲಿ ಒಬ್ಬರಿಗೆ ಕ್ಯಾನ್ಸರ್ ಎಂದು ವೈದ್ಯರು ನಿರ್ಣಯಿಸಿದೊಡನೆ ಆ ಮನೆಯ ದಿನಚರಿಯೇ ಬುಡಮೇಲಾಗುವುದು. ಅಡಿಗೆ, ಮಕ್ಕಳ ಪಾಠ, ಹೂವಿನ ಗಿಡಗಳಿಗೆ ನೀರು, ಸಂಜೆಯ ಹಾಡು ಹಸೆ ಇವೆಲ್ಲ ಅಲ್ಪ ವಿಷಯಗಳಾಗಿ ತೋರಿ ಹಿಂದಕ್ಕೆ ಸರಿಯುವುವು. ಆದರೆ ಈ ಚಿಕಿತ್ಸೆ ಒಂದೆರಡು ದಿನಗಳಲ್ಲಿ ಮುಗಿಯುವಂಥದಲ್ಲ. ಶಸ್ತ್ರಕ್ರಿಯೆ, ಔಷಧ, ಕಿರಣ ಈ ಮೂರೂ ಸೇರಿದಲ್ಲಿ ಆರು ತಿಂಗಳೋ ಎಂಟು ತಿಂಗಳೋ ಹಿಡಿಯುವುದುಂಟು. ಅದರಲ್ಲಿ ಬಹುಭಾಗವನ್ನು ರೋಗಿಯು ತನ್ನ ಮನೆಯಲ್ಲಿಯೇ ಕಳೆಯಬೇಕಾಗುವುದು. ಹಾಗಿರುವಲ್ಲಿ, ಅಷ್ಟು ದೀರ್ಘಕಾಲ ಮನೆ ಮನೆಯಾಗಿಯೇ ಉಳಿಯುವುದು ಹೇಗೆ? ಯಾವ ಕೆಲಸವನ್ನು ಎಂದಿನಂತೆ ನಡೆಸಬಹುದು, ಯಾವುದನ್ನು ಕೆಲವು ದಿನ ನಿಲ್ಲಿಸಬೇಕು? ಈ ಪ್ರಶ್ನೆಗಳಿಗೆ ವಿಜ್ಞಾನ ಕೊಡುವ ಉತ್ತರಗಳನ್ನು ಇಲ್ಲಿ ಸಂಗ್ರಹವಾಗಿ ವಿವರಿಸುತ್ತೇವೆ.

ನಾವು ಅರಕಲಗೂಡಿನವರು. ನಮ್ಮ ಮನೆಯಾಕೆಗೆ ಸ್ತನದ ಕ್ಯಾನ್ಸರಿಗಾಗಿ ಶಸ್ತ್ರಕ್ರಿಯೆಯಾಗಿ, ಬಳಿಕ ಮೂರು ವಾರಗಳಿಗೊಮ್ಮೆ ಔಷಧವೂ ಅನಂತರ ಕಿರಣಚಿಕಿತ್ಸೆಯೂ ನಡೆದ ತಿಂಗಳುಗಳಲ್ಲಿ, ಬಂಧುಗಳೂ ನೆರೆಯವರೂ ನಮ್ಮನ್ನು ಕೇಳಿದ ಪ್ರಶ್ನೆಗಳು ಅನೇಕ. ಆಕೆಯ ತಟ್ಟೆ ಲೋಟಗಳನ್ನು ಬೇರೆ ಇಡಬೇಕೆ? ಗಿಡಗಳಿಗೆ ಕೈಹಾಕಬಹುದೆ? ಜಾತ್ರೆಗೆ ಹೋಗಬಹುದೆ? ಎದುರು ಮನೆಯ ಅಜ್ಜಿ, “ಕರೆಂಟು ಕೊಡಿಸ್ಕೊಂಡು ಬಂದವ್ರೆ, ಮಗೂನ ಮಗ್ಗುಲಲ್ಲಿ ಮಲಗಿಸ್ಕೋಬೋದಾ ಮೇಷ್ಟ್ರೇ?” ಎಂದು ಕೇಳಿದರು. ಇವುಗಳಲ್ಲಿ ಯಾವುದೂ ನಕ್ಕು ಬಿಡತಕ್ಕ ಪ್ರಶ್ನೆಯಲ್ಲ. ಅಜ್ಜಿಯ ಪ್ರಶ್ನೆಗೆ ಸರಿಯಾದ ಉತ್ತರ ದೊರೆಯದ ಮನೆಯಲ್ಲಿ ಮಗು ತಿಂಗಳುಗಟ್ಟಲೆ ತಾಯಿಯ ಮಗ್ಗುಲಿನಿಂದ ದೂರವಾಗುವುದು.

ಅಂಟುವ ಭಯ

ಕ್ಯಾನ್ಸರ್ ಎಂಬ ಲ್ಯಾಟಿನ್ ಪದಕ್ಕೂ ಏಡಿಗಂತಿ ಎಂಬ ನಮ್ಮ ಹಳೆಯ ಪದಕ್ಕೂ ಮೂಲ ಏಡಿಯೇ. ಹೆಸರು ಹೇಗೇ ಇರಲಿ, ಇದು ಹೊರಗಿನಿಂದ ಬಂದು ಹೊಕ್ಕ ಪ್ರಾಣಿಯಲ್ಲ. ನಮ್ಮ ದೇಹದ ಜೀವಕೋಶಗಳೇ ಅಂಕೆ ತಪ್ಪಿ ವಿಭಜನೆ ಹೊಂದುತ್ತ ಹೋಗುವುದರಿಂದ ಉಂಟಾಗುವ ಸ್ಥಿತಿ. ಒಬ್ಬರ ಜೀವಕೋಶವು ಇನ್ನೊಬ್ಬರ ದೇಹವನ್ನು ಸೇರಿದರೂ ಆ ದೇಹದ ರಕ್ಷಣಾವ್ಯವಸ್ಥೆ ಅದನ್ನು ಪರಕೀಯವೆಂದು ಗುರುತಿಸಿ ನಾಶಮಾಡುವುದು. ಆದುದರಿಂದ ಒಟ್ಟಿಗೆ ಕುಳಿತು ಉಣ್ಣುವುದರಿಂದಾಗಲಿ, ಒಂದೇ ಲೋಟದಲ್ಲಿ ಕುಡಿಯುವುದರಿಂದಾಗಲಿ, ಮುಟ್ಟುವುದರಿಂದಾಗಲಿ ಕ್ಯಾನ್ಸರ್ ಅಂಟದು. ತಟ್ಟೆಯನ್ನು ಬೇರೆ ಇಟ್ಟರೆ ಅದರಿಂದ ಯಾರ ರಕ್ಷಣೆಯೂ ಆಗದು. ರೋಗಿಯ ಮನಸ್ಸಿಗೆ ನೋವಾಗುವುದು ಮಾತ್ರ ನಿಶ್ಚಯ.

ಆದರೆ ಒಂದು ಬಗೆಯ ಎಚ್ಚರಿಕೆ ಅವಶ್ಯ. ಅದರ ದಿಕ್ಕು ಮಾತ್ರ ಜನ ಎಣಿಸುವುದಕ್ಕೆ ವಿರುದ್ಧವಾದುದು. ರೋಗಿಯಿಂದ ನಮಗೆ ಅಪಾಯವಿಲ್ಲ. ನಮ್ಮ ನೆಗಡಿ, ಕೆಮ್ಮು, ಜ್ವರಗಳಿಂದ ರೋಗಿಗೆ ಅಪಾಯವುಂಟು. ಅದು ಯಾವ ದಿನಗಳಲ್ಲಿ ಹೆಚ್ಚು ಎಂಬುದನ್ನು ತಿಳಿಯಲು ಔಷಧದ ಕೆಲಸವನ್ನು ಸ್ವಲ್ಪ ನೋಡಬೇಕು.

ಇಪ್ಪತ್ತೊಂದು ದಿನಗಳ ಲೆಕ್ಕ

1948ರಲ್ಲಿ ಅಮೆರಿಕದ ಬಾಸ್ಟನ್ ನಗರದ ವೈದ್ಯ ಸಿಡ್ನಿ ಫಾರ್ಬರನು ರಕ್ತದ ಕ್ಯಾನ್ಸರಿಗೆ ತುತ್ತಾದ ಮಕ್ಕಳಲ್ಲಿ ಅಮೈನೊಪ್ಟೆರಿನ್ ಎಂಬ ರಾಸಾಯನಿಕದಿಂದ ರೋಗವು ತಾತ್ಕಾಲಿಕವಾಗಿ ಹಿಮ್ಮೆಟ್ಟಿದುದನ್ನು ವರದಿಮಾಡಿದನು. ಅಂದಿನಿಂದ ಇಂದಿನವರೆಗೆ ಬಳಕೆಗೆ ಬಂದ ಇಂಥ ಔಷಧಗಳಲ್ಲಿ ಅನೇಕವು, ಬೇಗಬೇಗ ವಿಭಜನೆ ಹೊಂದುವ ಜೀವಕೋಶಗಳನ್ನು ವಿಶೇಷವಾಗಿ ಪೀಡಿಸುವುವು. ಕ್ಯಾನ್ಸರಿನ ಕೋಶ ಅಂಥದು. ಕೂದಲಿನ ಬೇರು, ಬಾಯಿಯ ಮತ್ತು ಕರುಳಿನ ಒಳಪದರ, ಎಲುಬಿನೊಳಗಿನ ಮಜ್ಜೆ ಇವುಗಳಲ್ಲಿರುವ ಆರೋಗ್ಯವಂತ ಕೋಶಗಳೂ ಅಂಥವೇ. ಕೂದಲು ಉದುರುವುದಕ್ಕೂ ಬಾಯಿ ಹುಣ್ಣಾಗುವುದಕ್ಕೂ ಇದೇ ಕಾರಣ.

ಮಜ್ಜೆಯು ರಕ್ತಕಣಗಳ ಸಸಿಮಡಿ. ಸಸಿಮಡಿಗೆ ಇಂದು ಪೆಟ್ಟು ಬಿದ್ದರೆ, ಮೊದಲೇ ನಾಟಿಯಾಗಿರುವ ಗದ್ದೆಯಲ್ಲಿ ಆ ದಿನವೇ ಯಾವ ಕೊರತೆಯೂ ಕಾಣದು. ಮುಂದೆ ನಾಟಿಗೆ ಸಸಿ ಬೇಕಾದಾಗ ಕಾಣುವುದು. ಕೆಂಪು ರಕ್ತಕಣದ ಆಯುಷ್ಯ ಸುಮಾರು 120 ದಿನ. ರಕ್ತ ಹೆಪ್ಪುಗಟ್ಟಲು ನೆರವಾಗುವ ಕಿರುತಟ್ಟೆಗಳದು ಸುಮಾರು 8ರಿಂದ 10 ದಿನ. ಸೋಂಕಿನೊಡನೆ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿಯ ಕಣ ರಕ್ತದಲ್ಲಿರುವುದು ಕೆಲವು ಗಂಟೆಗಳಿಂದ ಕೆಲವು ದಿನಗಳು ಮಾತ್ರ. ಆದುದರಿಂದ ಮೊದಲು ಕುಗ್ಗುವುದು ಬಿಳಿಯ ಕಣಗಳ ಸಂಖ್ಯೆ. ಮೂರು ವಾರಗಳಿಗೊಮ್ಮೆ ಕೊಡುವ ಅನೇಕ ಔಷಧಗಳಲ್ಲಿ, ಔಷಧ ಕೊಟ್ಟ ದಿನದಿಂದ ಎಣಿಸಿದರೆ ಸುಮಾರು 7ನೆಯ ದಿನದಿಂದ 14ನೆಯ ದಿನದವರೆಗೆ ಅದು ಅತ್ಯಂತ ಕೆಳಗಿರುವುದು. ಅಲ್ಲಿಂದ ಮೇಲೇರಿ 21ನೆಯ ದಿನದ ಹೊತ್ತಿಗೆ ಮಜ್ಜೆ ಬಹುಮಟ್ಟಿಗೆ ಚೇತರಿಸಿಕೊಳ್ಳುವುದು. ಮುಂದಿನ ಸರದಿಗೆ ಮೂರು ವಾರಗಳ ಅಂತರವಿಡುವುದು ಇದಕ್ಕಾಗಿಯೇ.

ಈ ಸಂಗತಿ ತಿಳಿದ ಮೇಲೆ ನಾವು ಗೋಡೆಯ ಕ್ಯಾಲೆಂಡರಿನಲ್ಲಿ ಎರಡನೆಯ ವಾರಕ್ಕೆ ಕೆಂಪು ಗೆರೆಯನ್ನೂ ಮೂರನೆಯ ವಾರಕ್ಕೆ ಹಸುರು ಗೆರೆಯನ್ನೂ ಎಳೆದೆವು. ಕೆಂಪು ಗೆರೆಯ ದಿನಗಳಲ್ಲಿ ಜಾತ್ರೆ, ಮದುವೆ, ಜನದಟ್ಟಣೆಯ ಬಸ್ಸು ಬೇಡ; ಕೆಮ್ಮುವ ಅತಿಥಿ ಬೇಡ; ಬೀದಿಯಲ್ಲಿ ಕತ್ತರಿಸಿಟ್ಟ ಹಣ್ಣು ಬೇಡ; ಹೊರಗಿನಿಂದ ಬಂದವರು ಸಾಬೂನಿನಿಂದ ಕೈತೊಳೆದೇ ಒಳಗೆ ಬರಬೇಕು. ಹಸುರು ಗೆರೆಯ ದಿನಗಳಲ್ಲಿ ಗೆಳತಿಯರು ಬರಬಹುದು, ರಾಮನಾಥಪುರದ ಹೊಳೆಯ ದಂಡೆಗೆ ಹೋಗಿ ಕುಳಿತು ಬರಬಹುದು. “ಎಂಟು ತಿಂಗಳು ಎಲ್ಲಿಗೂ ಹೋಗಕೂಡದು” ಎಂಬ ನಿಷೇಧ “ಈ ವಾರ ಬೇಡ, ಮುಂದಿನ ವಾರ ಹೋಗೋಣ” ಎಂಬುದಾಗಿ ಮಾರ್ಪಟ್ಟಿತು. ಔಷಧ ಬೇರೆಯಾದರೆ ಈ ದಿನಗಳೂ ಬೇರೆಯಾಗುವುದರಿಂದ, ಗೆರೆ ಎಳೆಯುವ ಮುನ್ನ ವೈದ್ಯರನ್ನು ಕೇಳುವುದು ಅಗತ್ಯ.

ಇಲ್ಲಿ ಪ್ರಾಣಕ್ಕೇ ಸಂಬಂಧಿಸಿದ ಒಂದು ಅಂಶವುಂಟು. ಬಿಳಿಯ ಕಣಗಳು ತೀರ ಕಡಿಮೆಯಾಗಿ, ಒಂದು ಘನ ಮಿಲಿಮೀಟರು ರಕ್ತದಲ್ಲಿ ನ್ಯೂಟ್ರೋಫಿಲ್‌ಗಳ ಸಂಖ್ಯೆ 500ಕ್ಕಿಂತ ಕೆಳಗಿಳಿದಾಗ, ಸೋಂಕು ತಗುಲಿದರೂ ಕೀವು, ಊತ ಮುಂತಾದ ಸಾಮಾನ್ಯ ಗುರುತುಗಳು ಕಾಣದೆ ಹೋಗಬಹುದು, ಜ್ವರವೊಂದೇ ಸೂಚನೆಯಾಗಿರಬಹುದು. ಆದುದರಿಂದ ಉಷ್ಣಮಾಪಕದಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್, ಕಂಡರೆ ಮಧ್ಯರಾತ್ರಿಯಾದರೂ ಬೆಳಗಾಗುವವರೆಗೆ ಕಾಯಬಾರದು. ಜ್ವರದ ಮಾತ್ರೆ ಕೊಟ್ಟು ಅದನ್ನು ಮರೆಮಾಡಲೂ ಬಾರದು. ನಮ್ಮ ಊರಿನಿಂದ ಬೆಂಗಳೂರು ಸುಮಾರು 200 ಕಿಲೋಮೀಟರು ದೂರ. ಅಷ್ಟು ದೂರ ಹೋಗಿ ಹೊತ್ತು ಕಳೆಯುವುದಕ್ಕಿಂತ, ಚಿಕಿತ್ಸೆಯ ಕಾಗದಗಳನ್ನು ಕೈಯಲ್ಲಿ ಹಿಡಿದು ಮೊದಲು ಹಾಸನದ ದೊಡ್ಡ ಆಸ್ಪತ್ರೆಯನ್ನು ಸೇರುವುದು ಮೇಲು. ಅಂಗೈಯಿಂದ ಹಣೆ ಮುಟ್ಟಿ ನೋಡುವ ಪದ್ಧತಿ ಈ ಕಾಲದಲ್ಲಿ ಸಾಲದು. ನಮ್ಮ ಕೈ ತಣ್ಣಗಿದ್ದರೆ ಎಲ್ಲ ಹಣೆಯೂ ಬಿಸಿಯೇ.

ಹವ್ಯಾಸಗಳು

ಚಿಕಿತ್ಸೆಯಲ್ಲಿರುವವರು ಸದಾ ಮಲಗಿರಬೇಕೆಂಬ ನಂಬಿಕೆ ಒಂದು ಕಾಲದಲ್ಲಿ ಇದ್ದಿತು. ಈಗಿನ ತಿಳಿವಳಿಕೆ ಇದಕ್ಕೆ ವಿರುದ್ಧವಾಗಿದೆ. ಕೆಲಸವಿಲ್ಲದ ಸ್ನಾಯು ಬೇಗನೆ ಕೃಶವಾಗುವುದು. ಕೃಶವಾದ ಸ್ನಾಯುವಿಗೆ ಅಲ್ಪ ಕೆಲಸವೂ ದಣಿವು ತರುವುದು. ದಣಿವಿನಿಂದ ಇನ್ನಷ್ಟು ಮಲಗುವಂತಾಗುವುದು. ಶಕ್ತ್ಯನುಸಾರ ದಿನವೂ ಸ್ವಲ್ಪ ನಡೆದಾಡುವವರಲ್ಲಿ ಚಿಕಿತ್ಸೆಯ ದಣಿವು ಕಡಿಮೆಯಾಗುವುದೆಂದು ಅನೇಕ ಪರಿಶೀಲನೆಗಳಿಂದ ದೃಢಪಟ್ಟಿದೆ. ಮನಸ್ಸಿಗೆ ಹಿಡಿಸಿದ ಹವ್ಯಾಸವು ಇಂಥ ಲಘು ಚಟುವಟಿಕೆಗೆ ಸುಲಭವಾದ ನೆಪ.

ಆದರೆ ಹವ್ಯಾಸವನ್ನು ಚಿಕಿತ್ಸೆಗೆ ಹೊಂದಿಸಿಕೊಳ್ಳಬೇಕು. ಗಿಡ ಬೆಳೆಸುವುದನ್ನೇ ತೆಗೆದುಕೊಳ್ಳೋಣ. ಮಣ್ಣಿನಲ್ಲಿಯೂ ಗೊಬ್ಬರದ ಗುಂಡಿಯಲ್ಲಿಯೂ ಬೂಷ್ಟಿನ ಕಣಗಳೂ ಬ್ಯಾಕ್ಟೀರಿಯಗಳೂ ಹೇರಳ. ಆರೋಗ್ಯವಂತರ ದೇಹ ಇವನ್ನು ಲೆಕ್ಕಿಸದು. ಬಿಳಿಯ ಕಣಗಳು ಕುಗ್ಗಿದವರಿಗೆ ಇವು ಅಪಾಯಕರ. ಆದುದರಿಂದ ನಮ್ಮಲ್ಲಿ ಕೆಂಪು ಗೆರೆಯ ದಿನಗಳಲ್ಲಿ ಮಣ್ಣು ಅಗೆಯುವ ಕೆಲಸ ನಮ್ಮದು, ಯಾವ ಸೇವಂತಿಗೆಯ ಕುಡಿ ಚಿವುಟಬೇಕೆಂದು ಕುರ್ಚಿಯಲ್ಲಿ ಕುಳಿತು ಹೇಳುವ ಕೆಲಸ ಆಕೆಯದು. ಹಸುರು ಗೆರೆಯ ದಿನಗಳಲ್ಲಿ ಕೈಗವಸು ತೊಟ್ಟು ಆಕೆಯೇ ಗಿಡಗಳ ನಡುವೆ ಇಳಿಯುವಳು.

ಪ್ಯಾಕ್ಲಿಟ್ಯಾಕ್ಸೆಲ್ ಮೊದಲಾದ ಕೆಲವು ಔಷಧಗಳು ನರಗಳ ತುದಿಯನ್ನು ಬಾಧಿಸುವುದರಿಂದ ಬೆರಳಿನ ತುದಿ ಜೋಮು ಹಿಡಿದಂತಾಗುವುದು. ಆಗ ಹೂ ಕಟ್ಟುವ ದಾರದ ಗಂಟು ಜಾರುವುದು. ವೀಣೆಯ ತಂತಿ ಬೆರಳಿಗೆ ಸಿಕ್ಕದು. ಸೂಜಿ ಚುಚ್ಚಿದ್ದೂ ಒಮ್ಮೊಮ್ಮೆ ತಿಳಿಯದು. ಇದಕ್ಕಿಂತ ಗಮನಿಸಬೇಕಾದುದು ಅಡಿಗೆಮನೆ. ಬಿಸಿಯನ್ನು ಗುರುತಿಸುವ ನರವೇ ಮಂಕಾಗಿರುವಾಗ ಕಾದ ಪಾತ್ರೆಯಿಂದ ಕೈ ತಾನಾಗಿ ಹಿಂದೆ ಸರಿಯದು. ನಮ್ಮ ಮನೆಯಲ್ಲಿ ಆ ದಿನಗಳಲ್ಲಿ ಇಕ್ಕಳವು ಒಲೆಯ ಪಕ್ಕದಲ್ಲಿಯೇ ಇರುತ್ತಿತ್ತು. ಹೂಗಳನ್ನು ಆಕೆ ಆರಿಸಿ ಜೋಡಿಸಿ ಕೊಡುವಳು, ಗಂಟು ಹಾಕುವವಳು ಮಗಳು. ಮೊದಲ ಮಾಲೆಯಲ್ಲಿ ಹೂವಿಗಿಂತ ದಾರವೇ ಹೆಚ್ಚಾಗಿತ್ತು. ಎರಡು ತಿಂಗಳಲ್ಲಿ ಮಗಳ ಕೈ ಪಳಗಿತು. ಆಕ್ಸಾಲಿಪ್ಲ್ಯಾಟಿನ್ ಎಂಬ ಇನ್ನೊಂದು ಔಷಧ ಪಡೆಯುವವರಿಗೆ ತಣ್ಣನೆಯ ವಸ್ತು ಮುಟ್ಟಿದರೆ ಬೆರಳು ಚುಳುಕೆನ್ನುವುದು. ತಣ್ಣೀರು ಕುಡಿದರೆ ಗಂಟಲು ಹಿಡಿದಂತಾಗುವುದು. ಅಂಥವರಿಗೆ ಚಳಿಗಾಲದ ಬೆಳಗ್ಗೆ ತೊಟ್ಟಿಯ ನೀರಿನ ಕೆಲಸ ಹೇಳಬಾರದು.

ಅಡಿಗೆಯ ವಾಸನೆಯಿಂದ ವಾಕರಿಕೆ ಬರುವವರಿಗೆ ಭೌತಶಾಸ್ತ್ರದ ಒಂದು ಸರಳ ಸಂಗತಿ ನೆರವಾಗುವುದು. ಉಷ್ಣತೆ ಏರಿದಷ್ಟೂ ಆಹಾರದಿಂದ ಪರಿಮಳದ ಅಣುಗಳು ಹೆಚ್ಚು ಆವಿಯಾಗಿ ಮೂಗನ್ನು ಸೇರುವುವು. ಆದುದರಿಂದ ಒಗ್ಗರಣೆಯನ್ನು ಕಿಟಕಿ ತೆರೆದು, ಆಕೆ ಬೇರೆ ಕೋಣೆಯಲ್ಲಿರುವಾಗ ಹಾಕುವುದೂ, ಕುದಿಯುವ ಸಾರಿನ ಬದಲು ಆಗತಾನೆ ಮಾಡಿ ಆರಿಸಿದ ಮೊಸರನ್ನ ಬಡಿಸುವುದೂ ಯುಕ್ತ.

ವಾಂತಿ ಮತ್ತು ಅಲರ್ಜಿಗಳನ್ನು ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಎಂಬ ಔಷಧದಿಂದ ಕೆಲವರಿಗೆ ಒಂದೆರಡು ರಾತ್ರಿ ನಿದ್ರೆ ಬಾರದು. ನಕ್ಷತ್ರ ನೋಡುವುದು ನಮ್ಮ ಹವ್ಯಾಸ. ಹದಿನೈದು ವರ್ಷಗಳಿಂದ ಅದರಲ್ಲಿ ಆಸಕ್ತಿ ತೋರದಿದ್ದ ಮನೆಯಾಕೆ, ಇಂಥ ರಾತ್ರಿಗಳಲ್ಲಿ ಶಾಲು ಹೊದ್ದು ತಾರಸಿಗೆ ಬಂದು ಕುಳಿತು ಮಹಾವ್ಯಾಧನ ಪಟ್ಟಿಯ ಮೂರು ನಕ್ಷತ್ರಗಳನ್ನೂ ಕೃತ್ತಿಕೆಯ ಗುಂಪನ್ನೂ ಗುರುತಿಸಲು ಕಲಿತಳು. ನಿದ್ರೆ ಬಾರದಿರುವುದು ಔಷಧದ ಫಲ, ರೋಗ ಉಲ್ಬಣಿಸಿದ ಲಕ್ಷಣವಲ್ಲ ಎಂದು ತಿಳಿದಿದ್ದುದರಿಂದಲೇ ಆ ರಾತ್ರಿಗಳು ಭಯವಿಲ್ಲದೆ ಕಳೆದುವು.

“ಕರೆಂಟು” ಎಂದರೇನು?

ನಮ್ಮ ಜನ ಕಿರಣಚಿಕಿತ್ಸೆಯನ್ನು ಕರೆಂಟು ಕೊಡುವುದು ಎನ್ನುವರು. ರೋಗಿಯ ದೇಹದಲ್ಲಿ ವಿದ್ಯುತ್ಪ್ರವಾಹವನ್ನು ಹರಿಸುವುದಿಲ್ಲ. 1895ರಲ್ಲಿ ರಂಟ್‌ಜನ್ ಕಂಡುಹಿಡಿದ ಕ್ಷ-ಕಿರಣಗಳನ್ನೇ, ಹೆಚ್ಚು ಚೈತನ್ಯವುಳ್ಳವನ್ನಾಗಿ ಮಾಡಿ, ಗಂತಿಯಿದ್ದ ಜಾಗಕ್ಕೆ ಗುರಿಯಿಟ್ಟು ಹಾಯಿಸುವರು. 1951ರಲ್ಲಿ ಕೆನಡಾದಲ್ಲಿ ಕೋಬಾಲ್ಟ್-60ರ ಗಾಮಾ ಕಿರಣಗಳು ಈ ಕೆಲಸಕ್ಕೆ ಬಳಕೆಗೆ ಬಂದುವು. ಈಗ ರೇಖೀಯ ವೇಗವರ್ಧಕ ಯಂತ್ರಗಳೇ ಹೆಚ್ಚು. ಬೆಂಗಳೂರಿನಲ್ಲಿ ರಫಿ ಅಹಮದ್ ಕಿದ್ವಾಯಿಯವರ ಹೆಸರಿನಲ್ಲಿ 1973ರಲ್ಲಿ ಆರಂಭವಾದ ಕ್ಯಾನ್ಸರ್ ಸಂಸ್ಥೆಗೆ ಹಾಸನ ಜಿಲ್ಲೆಯಿಂದಲೂ ರೋಗಿಗಳು ಈ ಚಿಕಿತ್ಸೆಗೆ ಹೋಗುವರು.

ಒಂದು ದಿನಕ್ಕೆ ಸಾಮಾನ್ಯವಾಗಿ ಕೊಡುವ ಪ್ರಮಾಣ 2 ಗ್ರೇ. ಒಂದು ಗ್ರೇ ಎಂದರೆ ಒಂದು ಕಿಲೋಗ್ರಾಂ ಅಂಗಾಂಶದಲ್ಲಿ ಒಂದು ಜೂಲ್ ಚೈತನ್ಯ ಹೀರಲ್ಪಡುವುದು. ಕಾಲೇಜು ವಿದ್ಯಾರ್ಥಿಗಳು ಇಲ್ಲೊಂದು ಲೆಕ್ಕ ಮಾಡಬಹುದು. ಒಂದು ಕಿಲೋಗ್ರಾಂ ನೀರನ್ನು ಒಂದು ಡಿಗ್ರಿ ಸೆಲ್ಸಿಯಸ್ ಕಾಯಿಸಲು ಸುಮಾರು 4200 ಜೂಲ್ ಬೇಕು. ಅಂಗಾಂಶವನ್ನೂ ನೀರೆಂದೇ ಭಾವಿಸಿದರೆ, 2 ಜೂಲಿನಿಂದ ಅದರ ಉಷ್ಣತೆ ಏರುವುದು ಒಂದು ಡಿಗ್ರಿಯ ಎರಡು ಸಾವಿರದ ಒಂದು ಭಾಗದಷ್ಟು ಮಾತ್ರ. ಐದು ಗ್ರಾಂ ತೂಗುವ ಒಂದು ಚಮಚೆ ಕಾಫಿ 60 ಡಿಗ್ರಿಯಿಂದ ದೇಹದ ಉಷ್ಣತೆಗೆ ಇಳಿಯುವಾಗ ಬಿಟ್ಟುಕೊಡುವ ಚೈತನ್ಯ ಸುಮಾರು 480 ಜೂಲ್. ಆದುದರಿಂದ ಕಿರಣವು ಕ್ಯಾನ್ಸರನ್ನು ಸುಡುವುದು ಎಂಬ ಮಾತು ಸರಿಯಲ್ಲ. ಕಿರಣಗಳು ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕಿತ್ತು, ಜೀವಕೋಶದ ವಿಭಜನೆಯನ್ನು ಆಳುವ ಡಿಎನ್‌ಎ ಎಳೆಗಳನ್ನು ತುಂಡರಿಸುವುವು. ಚೈತನ್ಯ ಅತ್ಯಲ್ಪವಾದರೂ ಅದು ಬೀಳುವ ಸ್ಥಾನ ಮರ್ಮಸ್ಥಾನ.

ಆರೋಗ್ಯವಂತ ಕೋಶಗಳು ಇಂಥ ಗಾಯವನ್ನು ಕೆಲವು ಗಂಟೆಗಳಲ್ಲಿ ಬಹುಮಟ್ಟಿಗೆ ರಿಪೇರಿ ಮಾಡಿಕೊಳ್ಳುವುವು. ಕ್ಯಾನ್ಸರ್ ಕೋಶಗಳಿಗೆ ಸಾಮಾನ್ಯವಾಗಿ ಆ ಸಾಮರ್ಥ್ಯ ಕಡಿಮೆ. ಆದುದರಿಂದಲೇ ಒಟ್ಟು ಪ್ರಮಾಣವನ್ನು ಒಂದೇ ಸಲಕ್ಕೆ ಕೊಡದೆ ದಿನಕ್ಕಿಷ್ಟರಂತೆ ಹಂಚಿ ಕೊಡುವರು. ಸ್ತನದ ಕ್ಯಾನ್ಸರಿಗೆ ಐದು ವಾರಗಳಲ್ಲಿ 25 ಸಲ ಕೊಡುವ ಕ್ರಮವುಂಟು. ಪ್ರತಿ ಸಲದ ಪ್ರಮಾಣವನ್ನು ಸ್ವಲ್ಪ ಹೆಚ್ಚಿಸಿ ಮೂರು ವಾರಗಳಲ್ಲಿ 15 ಸಲ ಕೊಡುವ ಕ್ರಮವೂ ಉಂಟು. ಈ ಸರಪಳಿಯನ್ನು ನಡುವೆ ಕಡಿಯಬಾರದು. ಬಿಡುವು ಹೆಚ್ಚಾದರೆ ಉಳಿದ ಕ್ಯಾನ್ಸರ್ ಕೋಶಗಳು ಮತ್ತೆ ಬೆಳೆಯಲು ಅವಕಾಶವಾಗುವುದು. ಗೌರಿಹಬ್ಬಕ್ಕೆ ನಾಲ್ಕು ದಿನ ಊರಿಗೆ ಬಂದು ಹೋಗಬೇಕೆಂಬ ಆಸೆ ಎಷ್ಟೇ ಸಹಜವಾದರೂ ಅದನ್ನು ತಡೆಯಬೇಕು. ನಾವು ಬೆಂಗಳೂರಿನ ಬಾಡಿಗೆಯ ಕೋಣೆಯಲ್ಲಿಯೇ ಬಾಗಿನವಿಟ್ಟೆವು. ಹೊಳೆನರಸೀಪುರ, ಚನ್ನರಾಯಪಟ್ಟಣಗಳ ಮೇಲೆ ಹಾದು ಬರುವ ಬಸ್ಸಿನಲ್ಲಿ ಹಬ್ಬದ ಕಡುಬನ್ನೂ ಮಕ್ಕಳನ್ನೂ ಕರೆತಂದವರು ನಮ್ಮ ಅತ್ತೆಯವರು.

ಈಗ ಅಜ್ಜಿಯ ಪ್ರಶ್ನೆಗೆ ಉತ್ತರ ಹೇಳಬಹುದು. ದೀಪದ ಬೆಳಕು ಗೋಡೆಯ ಮೇಲೆ ಬೀಳುವುದು. ದೀಪವನ್ನು ಆರಿಸಿದೊಡನೆ ಗೋಡೆಯೂ ಕತ್ತಲಾಗುವುದು. ಹೊರಗಿನ ಯಂತ್ರದಿಂದ ಕಿರಣ ಪಡೆದ ರೋಗಿಯ ದೇಹದಲ್ಲಿಯೂ ಯಂತ್ರ ನಿಂತ ಮೇಲೆ ಕಿರಣ ಉಳಿಯದು. ದೇಹವು ವಿಕಿರಣಶೀಲವಾಗಬೇಕಾದರೆ ಪರಮಾಣುಗಳ ಬೀಜಕೇಂದ್ರವೇ ಬದಲಾಗಬೇಕು. ಸಾಮಾನ್ಯವಾಗಿ ಈ ಚಿಕಿತ್ಸೆಗೆ ಬಳಸುವ ಕಿರಣಗಳಿಗೆ ಅಷ್ಟು ಚೈತನ್ಯವಿಲ್ಲ. ಆದುದರಿಂದ ಮಗುವನ್ನು ಮಗ್ಗುಲಲ್ಲಿ ಮಲಗಿಸಿಕೊಳ್ಳಬಹುದು, ಎತ್ತಿ ಮುದ್ದಾಡಬಹುದು. ಕಿರಣ ಬಿದ್ದ ಚರ್ಮ ಕೆಂಪಾಗಿ ನವೆಯುವುದರಿಂದ ಅದಕ್ಕೆ ಉಜ್ಜಾಟವೂ ಬಿಸಿಲೂ ತಾಗಬಾರದು. ವೈದ್ಯರು ಹೇಳದ ಎಣ್ಣೆ, ಅರಿಸಿನಗಳನ್ನು ಹಚ್ಚಬಾರದು.

ದೂರವಿರಬೇಕಾದ ಒಂದು ಸಂದರ್ಭ

ವಿಕಿರಣಶೀಲ ವಸ್ತುವನ್ನು ದೇಹದೊಳಕ್ಕೇ ಕೊಡುವ ಚಿಕಿತ್ಸೆಗೆ ಈ ಮಾತು ಅನ್ವಯಿಸದು. ಥೈರಾಯಿಡ್ ಗ್ರಂಥಿಯ ಕೆಲವು ಕ್ಯಾನ್ಸರುಗಳಿಗೆ ಅಯೋಡಿನ್-131ನ್ನು ನುಂಗಲು ಕೊಡುವರು. ಥೈರಾಯಿಡ್ ಕೋಶಗಳು ಅಯೋಡಿನನ್ನು ಹೀರಿಕೊಳ್ಳುವುದರಿಂದ ಕಿರಣ ತಾನಾಗಿಯೇ ಗುರಿ ಸೇರುವುದು. ಇದರ ಅರ್ಧಾಯು ಸುಮಾರು 8 ದಿನ: 8 ದಿನಗಳಲ್ಲಿ ಅರ್ಧ, 16 ದಿನಗಳಲ್ಲಿ ಕಾಲು, 24 ದಿನಗಳಲ್ಲಿ ಅರೆಕಾಲು ಭಾಗ ಉಳಿಯುವುದು. ಇದಲ್ಲದೆ ಬಹುಭಾಗ ಮೊದಲ ಕೆಲವು ದಿನಗಳಲ್ಲಿಯೇ ಮೂತ್ರದ ಮೂಲಕ ಹೊರಹೋಗುವುದು. ಹೆಚ್ಚು ಪ್ರಮಾಣ ಪಡೆದವರನ್ನು ಆಸ್ಪತ್ರೆಯ ಪ್ರತ್ಯೇಕ ಕೋಣೆಯಲ್ಲಿರಿಸಿ, ಅಳೆದು ನೋಡಿದ ಮೇಲೆಯೇ ಮನೆಗೆ ಕಳುಹಿಸುವರು.

ಮನೆಗೆ ಬಂದ ಮೇಲೂ ಕೆಲವು ದಿನ ದೂರವಿರಬೇಕು. ಇಲ್ಲಿ ನಮಗೆ ನೆರವಾಗುವುದು ವಿಲೋಮ ವರ್ಗ ನಿಯಮ. ಒಂದು ಮೀಟರು ದೂರದಲ್ಲಿ ಬೀಳುವ ಕಿರಣ ಎರಡು ಮೀಟರಿನಲ್ಲಿ ಸುಮಾರು ನಾಲ್ಕನೆಯ ಒಂದು ಭಾಗ, ಮೂರು ಮೀಟರಿನಲ್ಲಿ ಒಂಬತ್ತನೆಯ ಒಂದು ಭಾಗ. ಅದೇ ಮೀಟರನ್ನು ಅರ್ಧಕ್ಕೆ ಇಳಿಸಿದರೆ ನಾಲ್ಕರಷ್ಟಾಗುವುದು. ಆದುದರಿಂದ ಹಜಾರದ ಈ ಕೊನೆಯಲ್ಲಿ ತಾಯಿ, ಆ ಕೊನೆಯಲ್ಲಿ ಮಗು ಕುಳಿತು ಕಥೆ ಹೇಳಿ ಕೇಳಬಹುದು. ತೊಡೆಯ ಮೇಲೆ ಕೂರಿಸಿಕೊಳ್ಳುವುದನ್ನು ವೈದ್ಯರು ಹೇಳಿದಷ್ಟು ದಿನ ಮುಂದೂಡಬೇಕು. ಗರ್ಭಿಣಿಯರೂ ಮಕ್ಕಳೂ ಹೆಚ್ಚು ಎಚ್ಚರದಿಂದಿರಬೇಕು. ಈ ಕಟ್ಟಲೆಗೆ ಒಂದು ಕೊನೆಯ ತಾರೀಖುಂಟು ಎಂಬುದನ್ನು ಮಗುವಿಗೂ ಮೊದಲೇ ಹೇಳಿ, ಕ್ಯಾಲೆಂಡರಿನಲ್ಲಿ ಗುರುತು ಮಾಡಿ ತೋರಿಸುವುದು ಒಳ್ಳೆಯದು.

ವಿದ್ಯಾರ್ಥಿಗಳ ಕೆಲಸ

ಈ ಲೇಖನ ಓದುವ ವಿದ್ಯಾರ್ಥಿಗಳಲ್ಲಿ ಕೆಲವರ ಮನೆಯಲ್ಲಿಯೇ ತಾಯಿಗೋ ತಂದೆಗೋ ಇಂಥ ಚಿಕಿತ್ಸೆ ನಡೆಯುತ್ತಿರಬಹುದು. ಹಿರಿಯರು ತಮ್ಮಿಂದ ವಿಷಯವನ್ನು ಮುಚ್ಚಿಡುತ್ತಿರುವರೆಂದು ಅವರಿಗೆ ಅನ್ನಿಸುವುದೂ ಉಂಟು. ಅವರು ಮಾಡಬಹುದಾದ ಉಪಯುಕ್ತವಾದ ಕೆಲಸವೊಂದಿದೆ. ಒಂದು ನೋಟುಪುಸ್ತಕದಲ್ಲಿ ಏಳು ಕಲಮುಗಳನ್ನು ಎಳೆಯಿರಿ: ತಾರೀಖು ಮತ್ತು ಔಷಧ ಕೊಟ್ಟಂದಿನಿಂದ ಎಷ್ಟನೆಯ ದಿನ, ಉಷ್ಣತೆ, ಊಟ ಮತ್ತು ನೀರು, ನಡೆದಾಟ, ಹವ್ಯಾಸ, ನಿದ್ರೆ, ವೈದ್ಯರನ್ನು ಕೇಳಬೇಕಾದ ಪ್ರಶ್ನೆಗಳು. ದಿನವೂ ಹತ್ತು ನಿಮಿಷ ಸಾಕು. ಎರಡನೆಯ ಸರದಿಯ ಹೊತ್ತಿಗೆ ಯಾವ ದಿನ ದಣಿವು ಹೆಚ್ಚು, ಯಾವ ದಿನ ಬಾಯಿಗೆ ರುಚಿ ಮರಳುವುದು ಎಂಬುದು ಪುಸ್ತಕದಿಂದಲೇ ತಿಳಿಯುವುದು. ಮುಂದಿನ ಭೇಟಿಗೆ ಹೋಗುವಾಗ ಈ ಪುಸ್ತಕವನ್ನು ವೈದ್ಯರ ಮುಂದಿಡಿ. ನಮ್ಮ ಮನೆಯ ಪುಸ್ತಕವನ್ನು ಬರೆದವಳು ಹೈಸ್ಕೂಲಿನಲ್ಲಿ ಓದುತ್ತಿದ್ದ ಮಗಳು. ವೈದ್ಯರು ಅದನ್ನು ಓದಿ, ಎರಡು ಮಾತ್ರೆಗಳ ಹೊತ್ತನ್ನು ಬದಲಾಯಿಸಿದರು.